ಮುಗಿಲಯ್ಯನ ಜಳಕ

ನಿಜಾಮರ ಆಳ್ವಿಕೆಯ ಕಾಲದಲ್ಲಿ ಯಲಬುರ್ಗಾದ ಶಾಲೆಯ ಕೊಟ್ರಪ್ಪ ಮಾಸ್ತರರಿಗೆ ಒಂದು ಹುಚ್ಚಿತ್ತು. ಹೈದರಾಬಾದಿನಲ್ಲಿ ವಿಜ್ಞಾನ ಓದಿ ಬಂದವರು, ಯಾರು ಕೈಗೆ ಸಿಕ್ಕರೂ ಕೂಡಿಸಿಕೊಂಡು ಕೇಳುತ್ತಿದ್ದರು: ಈ ಭೂಮಿಗೆ ನೀರು ಎಲ್ಲಿಂದ ಬಂತು? ಮಳೆಯಿಂದ ಎಂದರೆ, ಮಳೆಗೆ ಎಲ್ಲಿಂದ ಬಂತು ಅನ್ನುವರು. ಸಮುದ್ರದಿಂದ ಎಂದರೆ, ಸಮುದ್ರಕ್ಕೆ? ಕಚೇರಿಯ ಗುಮಾಸ್ತರು ಅವರನ್ನು ದೂರದಿಂದ ಕಂಡರೆ ಓಣಿ ಬದಲಿಸುತ್ತಿದ್ದರು.

ಅವರು ಓದಿದ ಉರ್ದು ಪುಸ್ತಕದಲ್ಲಿ ಉತ್ತರವೇನೋ ಇತ್ತು. ಭೂಮಿ ಮೊದಲು ಬೆಂಕಿಯ ಉಂಡೆ, ಒಳಗಿನ ಹಬೆ ಮೇಲೆದ್ದು ತಣ್ಣಗಾಗಿ ಮಳೆಯಾಗಿ ಸುರಿಯಿತು ಅಂತ. ಮಾಸ್ತರರಿಗೆ ಅದು ಗಂಟಲಲ್ಲಿ ಇಳಿಯಲಿಲ್ಲ. ಅಷ್ಟು ಕಾದ ಹಂಚಿನ ಮೇಲೆ ನೀರು ಉಳಿದೀತೇ? ತಣ್ಣಗಾದ ಮೇಲೆ ಮುಗಿಲಿನಿಂದ ಬಿದ್ದ ಕಲ್ಲುಗಳೇ ತಮ್ಮೊಳಗೆ ನೀರು ಹೊತ್ತು ತಂದಿರಬಾರದೇಕೆ? ಅಂಥ ಕಲ್ಲಿನ ಚೂರನ್ನು ಗಾಜಿನ ನಳಿಗೆಯಲ್ಲಿ ಹಾಕಿ ಕಾಯಿಸಿದರೆ, ಮೇಲಿನ ತಣ್ಣನೆಯ ಗಾಜಿಗೆ ಹನಿ ಕೂರಬೇಕು. ಕೂತರೆ ತಮ್ಮ ಮಾತು ಖರೆ. ಹೈದರಾಬಾದಿನಿಂದ ನಳಿಗೆ ತರಿಸಿಟ್ಟುಕೊಂಡು ವರ್ಷಗಟ್ಟಲೆ ಕಾದರು. ಕಲ್ಲು ಬೀಳಬೇಕಲ್ಲ.

ಬಿತ್ತು. ಯುರೋಪಿನಲ್ಲಿ ಎರಡನೇ ಮಹಾಯುದ್ಧ ಶುರುವಾದ ವರ್ಷದ ಬೇಸಿಗೆಯಲ್ಲಿ, ಹಾಡುಹಗಲೇ, ಬೇವೂರಿನ ಪಕ್ಕೀರವ್ವನ ಹೊಲದಲ್ಲಿ. ಸುದ್ದಿ ಮುಟ್ಟಿದ್ದೇ ತಡ, ಮಾಸ್ತರರು ರವಿವಾರ ಬೆಳಿಗ್ಗೆ ಸೈಕಲ್ ಹತ್ತಿದರು.

ಪಕ್ಕೀರವ್ವ ಒಬ್ಬಳೇ ಹೊಲ ಮಾಡಿಸಿಕೊಂಡಿದ್ದ ಗಟ್ಟಿ ಹೆಂಗಸು. ಕಲ್ಲನ್ನು ಸೆರಗಿನಲ್ಲಿ ಕಟ್ಟಿ ತಂದು, ದೇವರ ಜಗುಲಿಯ ಮೇಲೆ ಕೂಡಿಸಿ, ಮುಗಿಲಯ್ಯ ಅಂತ ಹೆಸರಿಟ್ಟಿದ್ದಳು. ತೆಂಗಿನಕಾಯಿಯಷ್ಟು ದಪ್ಪ, ಇದ್ದಲಿಯಷ್ಟು ಕಪ್ಪು, ಮುಟ್ಟಿದರೆ ಬೆರಳಿಗೆ ಮಸಿ, ಉಜ್ಜಿದರೆ ಪುಡಿ. ಮಾಸ್ತರರು ಅದನ್ನು ಕೊಡುತ್ತೀರಾ ಎಂದು ಕೇಳಲು ಸುತ್ತು ಬಳಸಿ ಏನೇನೋ ಮಾತಾಡಿದರು. ಆಕೆ ಮಾತ್ರ ಸಲೀಸಾಗಿ ಒಪ್ಪಿದಳು. ಓದಿದವರ ಮನೆಗೆ ಹೋಗುವುದು ಮುಗಿಲಯ್ಯನ ಮನಸ್ಸಿನಲ್ಲಿದ್ದರೆ ತಡೆಯಲು ತಾನು ಯಾರು ಎಂದಳು. ನಾಳೆ ಸೋಮವಾರ, ಪೂಜೆ ಮಾಡಿ ಕೊಡುತ್ತೇನೆ ಎಂದಳು.

ಪೂಜೆ ಎಂದಕೂಡಲೇ ಮಾಸ್ತರರಿಗೆ ನೀರಿನ ಚಿಂತೆ ಹತ್ತಿತು. ಹೊರಗಿನ ನೀರು ಸೋಕಿದರೆ, ನಳಿಗೆಯಲ್ಲಿ ಕೂತ ಹನಿ ಮುಗಿಲಿನದೋ ಹಳ್ಳದ್ದೋ ಹೇಳುವವರಾರು?

"ಇದಕ್ಕ ನೀರು ಹಾಕಿಲ್ಲಲ್ಲ ಯವ್ವಾ?" ಎಂದು ಕೇಳಿದರು.

ಪಕ್ಕೀರವ್ವನ ಮುಖ ಸಣ್ಣದಾಯಿತು. "ಹಾಕಿಲ್ರಿ ಮಾಸ್ತರ. ಮನ್ಯಾಗ ಕುಡಿಯಾಕ ನೀರಿಲ್ಲ. ಬರೇ ಇಬೂತಿ ಹಚ್ಚೀನಿ."

"ಛಲೋ ಆತು ಬಿಡ್ರಿ."

ಅಷ್ಟೇ ಅಂದರು. ಊರಿಗೆಲ್ಲ ಹೇಳಿಕೊಂಡು ತಿರುಗುವ ಕಥೆಯನ್ನು ಆಕೆಗೆ ಹೇಳಲಿಲ್ಲ. ಈಕೆಗೇನು ತಿಳಿದೀತು ಅಂದುಕೊಂಡರು. ಗುಮಾಸ್ತರ ಬೆನ್ನು ಹತ್ತಿ ಕೊರೆಯುತ್ತಿದ್ದ ಮನುಷ್ಯ, ಹೇಳಲೇಬೇಕಾಗಿದ್ದ ಒಂದೇ ಒಂದು ಮನೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡ. ಓದು ಕೆಲವರಿಗೆ ಹೀಗೆ ಬೇಡದ ಕಡೆ ಬಾಯಿ ಕೊಡುತ್ತದೆ.

ಪಕ್ಕೀರವ್ವ ಛಲೋ ಆತು ಎಂಬ ಆ ಮಾತನ್ನು ದೊಡ್ಡವರು ಹೇಳಿದ ಸಮಾಧಾನ ಎಂದುಕೊಂಡಳು. ಬಂದವರ ಕಾಲಿಗೆ ಮೊದಲು ನೀರು ಕೊಡುವ ಸೀಮೆ ಅದು. ಮನೆಗೆ ಬಂದ ದೇವರು ಜಳಕವಿಲ್ಲದೆ ಕೂತಿದ್ದು ಪರವೂರಿನವರ ಕಣ್ಣಿಗೆ ಬಿತ್ತಲ್ಲ ಎಂದು ಸಂಕಟಪಟ್ಟಳು. ಮರುದಿನ ನಸುಕಿನಲ್ಲೇ ಕೊಡ ಹೊತ್ತು ದೂರದ ಹಳ್ಳಕ್ಕೆ ಹೋದಳು. ಬತ್ತಿದ ಹಳ್ಳದ ಉಸುಕು ಬಗೆದು, ಒರತೆಯಲ್ಲಿ ಜಿನುಗುವ ನೀರನ್ನು ಬಟ್ಟಲಿನಿಂದ ಗೋರಿ ಗೋರಿ ಕೊಡ ತುಂಬಿಸುವಷ್ಟರಲ್ಲಿ ಬಿಸಿಲೇರಿತ್ತು. ತಾನು ಒಂದು ಗುಟುಕೂ ಕುಡಿಯದೆ ಮನೆಗೆ ತಂದು, ಮುಗಿಲಯ್ಯನನ್ನು ಅಗಲ ತಟ್ಟೆಯಂಥ ಪರಾತದಲ್ಲಿ ಕೂಡಿಸಿ, ಇಡೀ ಕೊಡವನ್ನು ಮೇಲೆ ಸುರಿದಳು.

ಶಾಲೆ ಬಿಟ್ಟ ಮೇಲೆ ಮಾಸ್ತರರು ಬಂದಾಗ ಜಗುಲಿ ಖಾಲಿ ಇತ್ತು. ಪಕ್ಕೀರವ್ವ ಬಾಗಿಲಲ್ಲಿ ಕೂತಿದ್ದಳು.

"ಕರಗಿಬಿಟ್ಟಾನ್ರಿ," ಅಂದಳು. "ಮೈಮ್ಯಾಲ ನೀರು ಬೀಳೂದ ತಡ, ಬಿರುಕು ಬಿಟ್ಟು ರಾಡಿ ಆಗಿಹೋದ. ನಾ ಏನು ತಪ್ಪು ಮಾಡಿದ್ನೋ."

ಮಾಸ್ತರರ ಸಿಟ್ಟು ನೆತ್ತಿಗೇರಿತು. ಯಾರು ಹೇಳಿದರು ನಿನಗೆ ನೀರು ಹಾಕಲು ಎಂದು ಏಕವಚನದಲ್ಲೇ ಗದರಿದರು. ಆಕೆ ತಲೆ ತಗ್ಗಿಸಿ, ಜಳಕ ಮಾಡಿಸದೆ ದೇವರನ್ನು ಹೇಗೆ ಕಳಿಸುವುದು ಅಂದಳು. ನೀರು ಹಾಕಿಲ್ಲವೇ ಎಂದು ನಿನ್ನೆ ನೀವೇ ಕೇಳಿದಿರಲ್ಲ ಅಂದಳು.

ಆಗ ಸಿಟ್ಟು ತಿರುಗಿ ತಮ್ಮ ಮೇಲೆಯೇ ಬಂತು. ಮಾಸ್ತರರು ಹೊಸ್ತಿಲಲ್ಲಿ ಕುಸಿದು ಕೂತು, ನಿನ್ನೆ ಹೇಳಬೇಕಾಗಿದ್ದನ್ನು ಈಗ ಹೇಳಿದರು. ಬೆಂಕಿಯ ಉಂಡೆ, ಮುಗಿಲ ಕಲ್ಲು, ಗಾಜಿನ ನಳಿಗೆ, ಕೂರಬೇಕಿದ್ದ ಆ ಹನಿ. ಪಕ್ಕೀರವ್ವ ಪೂರ್ತಿ ಕೇಳಿದಳು. ಒರತೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಬಟ್ಟಲು ತುಂಬುವುದನ್ನು ಕಾಯುವಾಗ, ಇದೆಲ್ಲಿಂದ ಬರುತ್ತದೆ ಎಂದು ತಾನೂ ಎಷ್ಟೋ ಸಲ ಕೇಳಿಕೊಂಡಿದ್ದೇನೆ ಎಂದಷ್ಟೇ ಕೊನೆಗೆ ಹೇಳಿದಳು.

"ಇಷ್ಟು ಮಾತು ನಿನ್ನೆ ಹೇಳಬಾರದಿತ್ತೇನ ತಮ್ಮಾ? ಜ್ವಾಳದ ಹಗೇವಿನ್ಯಾಗ ಇಡತಿದ್ದೆ. ನನ್ನ ಬೆವರೂ ತಾಗಸ್ತಿದ್ದಿಲ್ಲ."

ಮಾಸ್ತರರು ಅಂಗಳದ ಕಡೆ ನೋಡಿದರು. ಮಳೆಗಾಲದಲ್ಲೂ ಕಾಳಿಗೆ ತೇವ ತಾಗಗೊಡದೆ ನೆಲದೊಳಗೆ ಕಾಯುವ ಹಗೇವು, ಬಾಯಿಗೆ ಬಂಡೆ ಮುಚ್ಚಿಕೊಂಡು, ಅಲ್ಲೇ ಅವರ ಸೈಕಲ್ಲಿನ ಪಕ್ಕದಲ್ಲೇ ಇತ್ತು. ಅವರಿಗೆ ಅಳು ಬಂತು.

ಊರವರೆಲ್ಲ ತೀರ್ಥ ತೆಗೆದುಕೊಂಡು ಹೋಗಿದ್ದರು. ಉಳಿದ ರಾಡಿ ಬೇವಿನ ಬುಡ ಸೇರಿತ್ತು. ಮಾಸ್ತರರ ಪಾಲೆಂದು ಎತ್ತಿಟ್ಟಿದ್ದ ತಂಬಿಗೆಯನ್ನು ಪಕ್ಕೀರವ್ವ ತಂದಳು. ಒಳಗೆ ಕಪ್ಪು ನೀರು. ಇದನ್ನು ಒಯ್ದು ಕಾಯಿಸಿದರೆ ಏನಾದರೂ ತಿಳಿದೀತೇ ಎಂದು ಕೇಳಿದಳು. ಮಾಸ್ತರರು ಇಲ್ಲವೆಂದು ತಲೆಯಾಡಿಸಿದರು. ಎರಡೂ ನೀರು ಬೆರೆತುಹೋಗಿವೆ, ಯಾವುದು ಎಲ್ಲಿಯದೆಂದು ಬೇರೆ ಮಾಡಲು ತನಗೆ ಬರುವುದಿಲ್ಲ ಅಂದರು.

"ಹಂಗಾರ ಕುಡಿದುಬಿಡ್ರಿ," ಅಂದಳು. "ಚೆಲ್ಲಬಾರದು. ಭಾಳ ದೂರದಿಂದ ತಂದ ನೀರು."

ಮಾಸ್ತರರು ಅಂಗೈ ಒಡ್ಡಿದರು.