ಉಪ್ಪು ಕಾಫಿ ಕುಡಿದದ್ದನ್ನೇ ಮರೆತ ವಿಡ್ಲೀನ್

ಮಯಾಮಿಯ ಹೈಟಿಯವರ ಕೇರಿಯಲ್ಲಿ ಯಾರಿಗೆ ಏಟು ಬಿದ್ದರೂ ಮೊದಲು ಹೊರಬರುವುದು ಹರಳೆಣ್ಣೆ ಸೀಸೆ, ಆಮೇಲೆ ಉಪ್ಪು ಹಾಕಿದ ಕಪ್ಪು ಕಾಫಿ. ಬೆಚ್ಚಿಬಿದ್ದವರ ರಕ್ತ ತಲೆಗೇರಬಾರದಂತೆ. ಗೆರ್ಲಾಂಡ್ ಕೂಡ ಮಗಳಿಗೆ ಅದನ್ನೇ ಮಾಡಿದಳು. ಅವಳಮ್ಮ ಮಾಡುತ್ತಿದ್ದದ್ದೂ ಅದೇ ತಾನೆ!

ಆ ಬೆಳಿಗ್ಗೆ ಫುಟ್‌ಬಾಲ್ ಅಭ್ಯಾಸದಲ್ಲಿ ಮಗಳು ವಿಡ್ಲೀನ್ ಚೆಂಡಿಗೆ ತಲೆ ಕೊಡಲು ಹಾರಿ, ಇನ್ನೊಬ್ಬಳ ತಲೆಗೆ ಡಿಕ್ಕಿ ಹೊಡೆದಿದ್ದಳು. ರಕ್ತ ಬಂದಿರಲಿಲ್ಲ. ಕೋಚ್ ಕೇಳಿದ್ದಕ್ಕೆ ಏನೂ ಆಗಿಲ್ಲ ಎಂದವಳು ಮನೆಗೆ ಬಂದು ಎರಡು ಸಲ ವಾಂತಿ ಮಾಡಿಕೊಂಡಳು. ನಿಜ ಹೇಗೆ ಹೇಳಿಯಾಳು? ಹುಟ್ಟಿದ್ದು ಅಮೆರಿಕದಲ್ಲಾದರೂ ಅಮ್ಮನ ದೇಶ ಹೈಟಿಯ ತಂಡದಿಂದ ಈ ಮಿಡ್‌ಫೀಲ್ಡ್ ಆಟಗಾರ್ತಿಗೆ ಮೊದಲ ಸಲ ಕರೆ ಬಂದಿತ್ತು. ಅಂದು ಗುರುವಾರ. ವಿಮಾನ ಶನಿವಾರ.

ಗೆರ್ಲಾಂಡ್ ಕೇರಿಗೆಲ್ಲ ಹೇಳಿಕೊಂಡು ಬಂದಿದ್ದಳು. ಈಗ ಹೋಗದಿದ್ದರೆ ಮತ್ತೆ ಕರೆಯುತ್ತಾರೆಂದು ಏನು ಗ್ಯಾರಂಟಿ? ಎಣ್ಣೆ ತಟ್ಟಿದಳು, ತಲೆಗೆ ಬಟ್ಟೆ ಬಿಗಿದಳು, ಕಾಫಿ ಕುಡಿಸಿದಳು. ಬೆಳಕು ಕಂಡರೆ ಹುಡುಗಿ ಮುಖ ಮುಚ್ಚಿಕೊಳ್ಳುತ್ತಿದ್ದಳು ಎಂದು ಪರದೆಯನ್ನೂ ಎಳೆದಳು.

ಪಕ್ಕದ ಮನೆಯ ಮಿಸ್ಲೀನ್ ಆಸ್ಪತ್ರೆಯಲ್ಲಿ ನರ್ಸು. ಚರ್ಚಿನಲ್ಲಿ ಜ್ಞಾನಸ್ನಾನದ ದಿನ ವಿಡ್ಲೀನ್‌ಳನ್ನು ಎತ್ತಿ ಹಿಡಿದವಳು ಅವಳೇ. ಅಂದಿನಿಂದ ಹೆಂಗಸರಿಬ್ಬರೂ ಒಬ್ಬರನ್ನೊಬ್ಬರು ಕೊಮೆ, ಅಂದರೆ ಮಗುವಿನ ಜೊತೆತಾಯಿ, ಎಂದೇ ಕರೆಯುವುದು. ಕರಿದ ಬಾಳೆಕಾಯಿ ಕೊಡಲು ಬಂದವಳು ಒಳಗೆ ಮಲಗಿದ್ದ ಹುಡುಗಿಯ ತಲೆಯ ಬಟ್ಟೆ ಕಂಡು ನಿಂತುಬಿಟ್ಟಳು.

"ತಲೆಗೆ ಏಟು ಬಿದ್ದಿದ್ಯಾ ಕೊಮೆ?"

"ಬೆಚ್ಚಿದಾಳೆ ಅಷ್ಟೆ. ನೀನು ಎಲ್ಲದಕ್ಕೂ ಆಸ್ಪತ್ರೆ ಅನ್ಬೇಡ. ಕೋಚಿಗೆ ಗೊತ್ತಾದ್ರೆ ಅವಳ ಆಟ ಮುಗೀತು."

ಮಿಸ್ಲೀನ್ ಜಗಳಕ್ಕೆ ನಿಲ್ಲಲಿಲ್ಲ. ಬುರುಡೆ ಗಟ್ಟಿ, ಒಳಗಿನ ಮಿದುಳು ಮೆತ್ತಗೆ, ಜೋರಾಗಿ ಅಲುಗಿದರೆ ರಕ್ತ ಬರದೆಯೂ ಪೆಟ್ಟಾಗುತ್ತದೆ ಎಂದಳು. ಅದು ವಾಸಿಯಾಗುವ ಮೊದಲೇ ಇನ್ನೊಂದು ಏಟು ಬಿದ್ದರೆ ಜೀವಕ್ಕೇ ಅಪಾಯ ಎಂದಳು. ಆಟ ಎಂದಮೇಲೆ ಏಟು ಬೀಳದೆ ಇರುತ್ತದೆಯೇ ಎಂದು ಗೆರ್ಲಾಂಡ್ ಮುಖ ತಿರುಗಿಸಿದಳು.

ಆಗ ಒಳಗಿನಿಂದ ವಿಡ್ಲೀನ್‌ಳ ದನಿ ಬಂತು. "ಅಮ್ಮಾ, ಆ ಉಪ್ಪು ಕಾಫಿ ಮಾತ್ರ ಕೊಡ್ಬೇಡ. ನಂಗಾಗಲ್ಲ."

ಖಾಲಿ ಲೋಟ ಅವಳ ಮಂಚದ ಪಕ್ಕದಲ್ಲೇ ಇತ್ತು. ಕುಡಿದು ಕಾಲು ಗಂಟೆಯೂ ಆಗಿರಲಿಲ್ಲ.

"ಈಗ್ತಾನೆ ಕುಡಿದ್ಯಲ್ಲೇ!"

"ಯಾವಾಗ?" ವಿಡ್ಲೀನ್ ತಾಯಿಯನ್ನು ಪಿಳಿಪಿಳಿ ನೋಡಿದಳು. "ಇವತ್ತು ಯಾವ ವಾರ ಅಮ್ಮಾ?"

ಗೆರ್ಲಾಂಡ್ ಮಗಳ ತೋಳು ಹಿಡಿದು ಎಬ್ಬಿಸಿದಳು. "ಕೊಮೆ, ಗಾಡಿ ತೆಗಿ" ಎಂದಳು. ಎಲ್ಲಿಗೆ ಹೊರಟಿದ್ದೇವೆ ಎಂದು ದಾರಿಯಲ್ಲಿ ಮಗಳು ಮೂರು ಸಲ ಕೇಳಿದಳು. ಮೂರು ಸಲವೂ ತಾಯಿ ಉತ್ತರ ಕೊಟ್ಟಳು.

ಮಿದುಳಿನಲ್ಲಿ ರಕ್ತಸ್ರಾವ ಆಗಿಲ್ಲ, ಆದರೆ ಪೆಟ್ಟಾಗಿದೆ, ನಾವು ಒಪ್ಪುವವರೆಗೆ ಮೈದಾನಕ್ಕೆ ಇಳಿಯುವಂತಿಲ್ಲ ಎಂದರು ಡಾಕ್ಟರು. ಕೋಚಿಗೆ ಗೆರ್ಲಾಂಡ್ ತಾನೇ ಫೋನ್ ಮಾಡಿ ನಿಜ ಹೇಳಿದಳು. ವಿಡ್ಲೀನ್ ಜಾಗದಲ್ಲಿ ಬೇರೊಬ್ಬಳು ಆಡಿದಳು. ಪಂದ್ಯದ ದಿನ ಮಗಳು ಗೋಡೆಗೆ ಮುಖ ಮಾಡಿ ಮಲಗಿದಳು. ತಪ್ಪು ಮಾಡಿದೆನೇನೋ ಎಂದು ತಾಯಿಗೆ ಹತ್ತು ಸಲ ಅನ್ನಿಸಿತು.

ಮತ್ತೆ ಕರೆ ಬರಲು ಏಳು ತಿಂಗಳು ಹಿಡಿಯಿತು. ಆದರೆ ಬಂತು. ಮುಂದೆ ಒಂಬತ್ತು ವರ್ಷ ವಿಡ್ಲೀನ್ ಹೈಟಿಯ ಅಂಗಿ ತೊಟ್ಟು ಆಡಿದಳು. ಈಗ ಕೇರಿಯ ಹುಡುಗಿಯರಿಗೆ ಆಟ ಕಲಿಸುತ್ತಾಳೆ. ಯಾರ ತಲೆಗಾದರೂ ಏಟು ಬಿದ್ದರೆ ಬೇಲಿಯಾಚೆಯಿಂದ ಗೆರ್ಲಾಂಡ್ ಕೂಗುತ್ತಾಳೆ, "ಮೊದ್ಲು ಅವಳನ್ನ ಹೊರಗೆ ಕರ್ಕೊಳ್ಳೇ!"

ತಾಯಂದಿರೇ, ನಿಮ್ಮ ಮಗು ಫುಟ್‌ಬಾಲ್ ಆಡಲಿ, ಕಬಡ್ಡಿ ಆಡಲಿ, ತಲೆಗೆ ಏಟು ಬಿದ್ದ ಕೂಡಲೇ ಆಟ ನಿಲ್ಲಿಸಿ. ವಾಂತಿಯಾದರೆ, ತಲೆನೋವು ಏರುತ್ತಾ ಹೋದರೆ, ಕೇಳಿದ್ದನ್ನೇ ಕೇಳಿದರೆ ತಕ್ಷಣ ಆಸ್ಪತ್ರೆಗೆ ಓಡಿ. ಡಾಕ್ಟರು ಹೂಂ ಅನ್ನದೆ ಮತ್ತೆ ಆಡಲು ಕಳಿಸಬೇಡಿ. ಎಣ್ಣೆ ಸೀಸೆ ಎಲ್ಲಿಗೂ ಹೋಗುವುದಿಲ್ಲ, ಬಂದಮೇಲೆ ಹಚ್ಚಿರಿ.