ಡಿಂಪ್ನಾಳ ಬೋಳುತಲೆ ಕಂಡವರು

ಶವಪೆಟ್ಟಿಗೆಯಲ್ಲಿ ಮಲಗಿದ್ದ ತಂಗಿ ಡಿಂಪ್ನಾಳಿಗೆ ಹೆಣ ಸಿಂಗರಿಸಿದವರು ತೊಡಿಸಿದ್ದ ವಿಗ್ಗು ಜಾರದಂತೆ ಅಟ್ರಾಕ್ಟಾ ಅದನ್ನು ದಿಂಬಿಗೆ ಸೇರಿಸಿ ಮೂರನೇ ಪಿನ್ನು ಚುಚ್ಚುತ್ತಿದ್ದಾಗ, ತಂಗಿಯ ಗಂಡ ಫಿಂಟನ್ ಅವಳ ಕೈ ಹಿಡಿದ.

“ತೆಗೆದುಬಿಡಿ ಅಕ್ಕ. ಮನೆಯೊಳಗೆ ಅವಳು ಇದನ್ನ ಹಾಕ್ಕೊಂಡವಳೇ ಅಲ್ಲ.”

“ಊರಿಗೆ ಊರೇ ಬರ್ತಿದೆ. ಕೊನೇ ದಿನ ನನ್ನ ತಂಗಿ ತಲೆ ನೋಡಿ ಯಾರೂ ನಗೋದು ಬೇಡ.”

ಫಿಂಟನ್ನನಿಗೆ ಪೆಟ್ಟಿಗೆಯಲ್ಲಿ ಯಾರೋ ಪರ ಹೆಂಗಸು ಮಲಗಿದ ಹಾಗೆ ಕಾಣುತ್ತಿತ್ತು. ಕಳಿಸಿಕೊಡುವಾಗಲಾದರೂ ತನ್ನ ಹೆಂಡತಿಯನ್ನೇ ಕಳಿಸಬೇಕೆಂದು ಅವನ ಆಸೆ. ಹನ್ನೆರಡಕ್ಕೆ ಪೆಟ್ಟಿಗೆ ಮುಚ್ಚಿ ಚರ್ಚಿಗೆ ಹೊರಡಬೇಕು. ಹೆಣದ ಮುಂದೆ ಜಗಳ ಬೇಡವೆಂದು ಚಹಾ ಬಗ್ಗಿಸಲು ಅಡುಗೆಮನೆಗೆ ಹೋದ.

*

ಯಾವುದೋ ಕಾಯಿಲೆಗೆ ಮೂವತ್ತು ತುಂಬುವುದರೊಳಗೆ ಡಿಂಪ್ನಾಳ ಕೂದಲೆಲ್ಲ ಉದುರಿತ್ತು. ಫಿಂಟನ್ ಮದುವೆಯ ಮಾತೆತ್ತಿದ ದಿನ ಅವಳು ವಿಗ್ಗು ತೆಗೆದು ಗೇಟಿನ ಕಂಬಕ್ಕೆ ತೊಡಿಸಿದಳು.

“ಈಗ ಕೇಳು ನೋಡೋಣ.”

ಅವನು ಅವಳ ಸುತ್ತ ಒಂದು ಸುತ್ತು ಬಂದ. “ಇಷ್ಟು ಚಂದದ ಕಿವಿ ಇಟ್ಕೊಂಡು ಇಷ್ಟು ದಿನ ಮುಚ್ಚಿಟ್ಟಿದ್ಯಲ್ಲೇ.”

ಡಿಂಪ್ನಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅಕ್ಕನ ಬಿಟ್ರೆ ನಿನಗೊಬ್ಬನಿಗೇ ಗೊತ್ತಿರೋದು, ಬಾಯಿಬಿಟ್ಟೀಯ ಜೋಕೆ ಎಂದಳು. ಮೂವತ್ತೆಂಟು ವರ್ಷ ಅವನು ಬಾಯಿಬಿಡಲಿಲ್ಲ.

*

ಹತ್ತಕ್ಕೆಲ್ಲ ಮನೆ ತುಂಬಿತು. ಬಂದವರು ಡಿಂಪ್ನಾಳ ಹಣೆ ಮುಟ್ಟಿ, ಚಹಾ ಹಿಡಿದು, ಅವಳ ಕುಚೇಷ್ಟೆಗಳನ್ನು ನೆನೆದು ನಗುತ್ತಿದ್ದರು. ಮುದಿ ಪೋಸ್ಟ್‌ಮನ್ ಮಾರ್ಟಿ ಮಾತ್ರ ಹಣೆ ಮುಟ್ಟಿದವನು ಅಲ್ಲೇ ನಿಂತ.

“ಇದನ್ನ ಯಾಕೆ ಹಾಕಿದ್ರಿ, ಸೆಕೆ ಅಂತ ಬಯ್ತಿದ್ಲಲ್ಲ?” ಎಂದವನೇ ನಾಲಿಗೆ ಕಚ್ಚಿಕೊಂಡ. ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದನಂತೆ. ಊರಲ್ಲಿ ಅವನೊಬ್ಬನಿಗೇ ಗೊತ್ತಿತ್ತಂತೆ.

“ನಿನಗೊಬ್ಬನಿಗಾ?” ಪಕ್ಕದ ಮನೆಯ ಕಾನ್ಸೆಪ್ಟಾ ಕಪ್ಪು ಕೆಳಗಿಟ್ಟಳು. “ನನಗೂ ಹಾಗೇ ಹೇಳಿದ್ಲಲ್ಲೋ. ಕ್ಯಾನ್ಸರಿನ ಔಷಧಿಗೆ ನನ್ನ ಮಗಳ ಕೂದಲು ಹೋದಾಗ ಬಂದು ಎದುರಿಗೆ ಕೂತು ವಿಗ್ಗು ತೆಗೆದ್ಲು. ಇಬ್ಬರಲ್ಲಿ ಯಾರು ಚೆಲುವೆ ಹೇಳು ಅಂತ ಕನ್ನಡಿ ಹಿಡಿದ್ಲು.”

ಬೇಕರಿಯವಳಿಗೂ ಗೊತ್ತಿತ್ತು. ಪಾದ್ರಿಗಳೂ ಕೆಮ್ಮಿ ಮೆಲ್ಲಗೆ ಕೈಯೆತ್ತಿದರು. ಊರೆಲ್ಲ ಒಬ್ಬರಿಗೊಬ್ಬರು ತಿಳಿಯದಂತೆ ಒಂದೇ ಗುಟ್ಟನ್ನು ಕಾಪಾಡಿತ್ತು. ಮೊದಲು ನಕ್ಕವನು ಫಿಂಟನ್ನೇ, ಆಮೇಲೆ ಯಾರಿಗೂ ನಗು ತಡೆಯಲಾಗಲಿಲ್ಲ.

ಅಟ್ರಾಕ್ಟಾ ನಗಲಿಲ್ಲ. “ಕೂದಲು ಉದುರಿದೆ ಅಂತ ಹೇಳಿದ್ಲು, ತಲೆ ಮಾತ್ರ ನನಗೊಬ್ಬಳಿಗೆ ತೋರಿಸ್ಲಿಲ್ಲ.”

ಫಿಂಟನ್ ಅವಳ ಪಕ್ಕಕ್ಕೆ ಬಂದ. “ಚಿಕ್ಕಂದಿನಲ್ಲಿ ಅವಳಿಗೆ ದಿನಾ ಜಡೆ ಹೆಣೆದವರು ನೀವು. ನೋಡಿದ್ರೆ ಅತ್ತುಬಿಡ್ತೀರಿ ಅಂತ ಹೆದರಿದ್ಲು ಅಕ್ಕ.”

ಅಟ್ರಾಕ್ಟಾ ಪೆಟ್ಟಿಗೆಯ ಹತ್ತಿರ ಹೋದಳು. ಆಮೇಲೆ ತಾನೇ ಚುಚ್ಚಿದ ಪಿನ್ನುಗಳನ್ನು ಒಂದೊಂದಾಗಿ ಕಿತ್ತು ವಿಗ್ಗು ಎತ್ತಿದಳು. ಎಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದರು. ಅವಳ ತುಟಿ ಅದುರಿತು, ಅಳುತ್ತಾಳೆ ಅಂದುಕೊಳ್ಳುವಷ್ಟರಲ್ಲಿ ನಗು ಉಕ್ಕಿತು.

“ಇದು ನಮ್ಮಪ್ಪನ ಬೋಳುತಲೆ ಕಣೋ ಫಿಂಟನ್. ಥೇಟ್ ಹಾಗೇ ಇದೆ. ಭಾನುವಾರ ಚರ್ಚಿಗೆ ಹೊರಡೋ ಮುಂಚೆ ನಾವು ಅಕ್ಕತಂಗಿ ಇಬ್ರೂ ಅಪ್ಪನ್ನ ಕೂರಿಸ್ಕೊಂಡು ತಲೆ ತಿಕ್ಕಿ ತಿಕ್ಕಿ ಹೊಳಪು ಮಾಡ್ತಿದ್ವಿ.”

ಹನ್ನೆರಡಾಯಿತು. ಪೆಟ್ಟಿಗೆ ಮುಚ್ಚುವವರು ಮುಚ್ಚಳ ಹಿಡಿದುಕೊಂಡೇ ಕಾದು ನಿಂತಿದ್ದರು. ಅಟ್ರಾಕ್ಟಾ ತನ್ನ ಕಪ್ಪು ಸ್ವೆಟರಿನ ತೋಳನ್ನು ಅಂಗೈವರೆಗೆ ಎಳೆದುಕೊಂಡು, ಬಗ್ಗಿ, ತಂಗಿಯ ನೆತ್ತಿಯ ಮೇಲೆ ಹಾ ಎಂದು ಉಸಿರು ಬಿಟ್ಟು ತಿಕ್ಕತೊಡಗಿದಳು.