ಕೆಳಗಿಳಿದ ನಂದಿಕೋಲು

ಅಜ್ಜಂಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಮರುಳಪ್ಪ ಮೇಷ್ಟರಿಗೆ ಅಣ್ಣ ಕರಿಸಿದ್ದಪ್ಪನೆಂದರೆ ಹೆಮ್ಮೆ. ಹಿತ್ತಾಳೆ ಬಿಲ್ಲೆಗಳ ಎತ್ತರದ ನಂದಿಕೋಲನ್ನು ಸೊಂಟದ ಪಟ್ಟಿಗೆ ಊರಿಕೊಂಡು, ಸಮಾಳವೆಂಬ ಚರ್ಮವಾದ್ಯದ ಬಡಿತಕ್ಕೆ ಕುಣಿಯುವುದರಲ್ಲಿ ಅವನಿಗೆ ಸರಿಸಾಟಿ ಇರಲಿಲ್ಲ. ೧೯೫೮ರಲ್ಲಿ ಶಾಲೆಗೆ ಇನ್‌ಸ್ಪೆಕ್ಟರು ಬಂದಾಗ, ಗುರುತ್ವಕೇಂದ್ರದ ಪಾಠವನ್ನು ಕಣ್ಣಿಗೇ ಕಟ್ಟಿಸೋಣವೆಂದು ಮೇಷ್ಟರು ಅಣ್ಣನನ್ನು ಅಂಗಳಕ್ಕೆ ಕರೆಸಿದರು.

ಒಂದು ಸುತ್ತು ಕುಣಿಯುವಷ್ಟರಲ್ಲಿ ಕರಿಸಿದ್ದಪ್ಪ ತೂರಾಡಿದ. ಕೋಲು ವಾಲಿ ಇನ್‌ಸ್ಪೆಕ್ಟರ ಕುರ್ಚಿಯ ಪಕ್ಕದಲ್ಲೇ ನೆಲಕ್ಕಪ್ಪಳಿಸಿತು. ಅವನು ಕುಸಿದು ಕೂತು ವಾಂತಿ ಮಾಡಿಕೊಂಡ.

"ಕುಡಿದು ಬಂದಿದ್ದೀಯಾ? ಎದೆ ಮೇಲೆ ಲಿಂಗ ಕಟ್ಕೊಂಡು?" ಮೇಷ್ಟರು ಎಲ್ಲರೆದುರೇ ಕೂಗಿದರು.

"ಇಲ್ಲ ಕಣೋ, ನೆಲವೇ ತಿರುಗ್ತೈತೆ."

ಯಾರೂ ನಂಬಲಿಲ್ಲ. ಊರವರು ನಂದಿಕೋಲನ್ನು ಬೇರೆಯವರಿಗೆ ಕೊಟ್ಟರು. ಮೇಷ್ಟರು ಅಣ್ಣನ ಬೀದಿ ಬಿಟ್ಟು ಬಳಸುದಾರಿಯಲ್ಲಿ ಶಾಲೆಗೆ ಹೋಗತೊಡಗಿದರು.

ಒಂದು ಬೆಳಿಗ್ಗೆ ಅತ್ತಿಗೆ ಕರಿಬಸಮ್ಮ ಶಾಲೆಗೇ ಬಂದಳು. "ಮಲಗಿದ್ರೂ ಬೀಳ್ತೀನಿ ಅಂತ ಮಂಚ ಹಿಡ್ಕಂತಾರೆ ಕಣಪ್ಪ. ಒಂದು ತೊಟ್ಟು ಹೆಂಡ ಮುಟ್ಟಿಲ್ಲ. ನೀನಾದ್ರೂ ನಂಬು."

ಮೇಷ್ಟರು ಅಣ್ಣನನ್ನು ತರೀಕೆರೆಯ ಡಾಕ್ಟರರಲ್ಲಿಗೆ ಕರೆದೊಯ್ದರು. ಡಾಕ್ಟರು ಕಣ್ಣು, ಕಿವಿ ಪರೀಕ್ಷಿಸಿ ಹೇಳಿದರು: "ಮೈ ನೆಟ್ಟಗಿದೆಯೋ ವಾಲಿದೆಯೋ ಅಂತ ಮಿದುಳಿಗೆ ತಿಳಿಸೋದು ಒಳಕಿವಿಯ ದ್ರವ. ಇವರಿಗೆ ಅಲ್ಲೇ ತೊಂದರೆ. ಉಪ್ಪು ಕಮ್ಮಿ ಮಾಡಲಿ. ಕೋಲು ಮಾತ್ರ ಇನ್ನು ಬೇಡ."

ಮೇಷ್ಟರಿಗೆ ತಲೆಯೆತ್ತಲಾಗಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಮೆಲ್ಲಗೆ, "ತಪ್ಪಾಯ್ತಣ್ಣ," ಎಂದರು.

"ಅವತ್ತು ಊರ ಮುಂದೆ ಅಂದೆ. ಇವತ್ತು ನನ್ನೊಬ್ಬನ ಕಿವಿಗೆ ಹೇಳ್ತೀಯಲ್ಲೋ," ಎಂದ ಕರಿಸಿದ್ದಪ್ಪ ಕಿಟಕಿಯತ್ತ ತಿರುಗಿಕೊಂಡ.

ಅಜ್ಜಂಪುರದಲ್ಲಿ ಇಳಿದಾಗ ಅವನು ತಮ್ಮನ ಹೆಗಲು ಹಿಡಿದೇ ನಡೆಯಬೇಕಾಯಿತು. ಹೋಟೆಲಿನ ತಮ್ಮಯ್ಯ ಜಗಲಿಯಿಂದ ನಕ್ಕ. "ಏನ್ ಮೇಷ್ಟ್ರೇ, ಹಗಲಲ್ಲೇ ಹಾಕ್ಕೊಂಡವ್ರಾ ನಿಮ್ಮಣ್ಣ?"

ಕೂತಿದ್ದವರೆಲ್ಲ ನಕ್ಕರು. ಮೇಷ್ಟರ ಕಾಲು ಬಿರಬಿರನೆ ಮುಂದಾಯಿತು. ಕರಿಸಿದ್ದಪ್ಪ ಅದನ್ನು ಕಂಡು ತಮ್ಮನ ಹೆಗಲಿಂದ ಕೈ ತೆಗೆದ. ಒಬ್ಬನೇ ನಡೆಯಹೋಗಿ ಮುಗ್ಗರಿಸಿ ಮೊಣಕಾಲೂರಿದ.

ಮೇಷ್ಟರು ಓಡಿಬಂದು ಅವನನ್ನು ಎಬ್ಬಿಸಿದರು. ಮನೆಯತ್ತ ನಡೆಸದೆ ಸೀದಾ ಹೋಟೆಲಿನ ಜಗಲಿಗೇ ಕರೆತಂದು ನಿಂತರು. ಮುಖ ಸುಡುತ್ತಿತ್ತು.

"ನಮ್ಮಣ್ಣ ಕುಡಿಯಲ್ಲ. ಕಾಯಿಲೆ ಇದೆ. ಕುಡುಕ ಅಂತ ಮೊದಲು ಅಂದೋನು ನಾನೇ. ಈಗ ನೀವು ನಕ್ಕಾಗಲೂ ಸುಮ್ಮನೆ ಹೊರಟಿದ್ದೆ."

ತಮ್ಮಯ್ಯ ಎದ್ದು ಬೆಂಚು ಒರೆಸಿದ. ಕರಿಸಿದ್ದಪ್ಪ ಕೂತು, ತಮ್ಮನ ಕಡೆ ನೋಡದೆಯೇ, ಮೊಣಕಾಲಿನ ಮಣ್ಣು ಕೊಡವಿಕೊಂಡ.